ಹರ್ನಿಯಾ ಮತ್ತು ವ್ಯಾಸೆಕ್ಟಮಿ: ಒಂದೇ ಟೇಬಲ್, ಎರಡು ನಿರ್ಧಾರ

(ಪುರುಷರ ಆರೋಗ್ಯದ ಬಗ್ಗೆ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತನ್ನು ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹರ್ನಿಯಾ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡು ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಕೆಲವರು ಬಾಗಿಲ ಹತ್ತಿರ ನಿಂತು ಒಂದು ಮಾತು ಕೇಳುತ್ತಾರೆ. "ಡಾಕ್ಟ್ರೇ, ಹೇಗೂ ಅಲ್ಲೇ ಕೊಯ್ತೀರಲ್ಲ, ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ನೂ ಆವತ್ತೇ ಮುಗಿಸಿಬಿಡೋಕೆ ಆಗುತ್ತಾ?" ಒಳ್ಳೆಯ ಪ್ರಶ್ನೆ. ಎರಡು ಸಲ ರಜೆ ಹಾಕುವುದು, ಎರಡು ಸಲ ಉಪವಾಸ ಬಂದು ಮಲಗುವುದು ಯಾರಿಗೆ ಬೇಕು? ಆಗುತ್ತದೆ ಎಂಬುದೇ ಉತ್ತರ. ಹರ್ನಿಯಾ ರಿಪೇರಿ ಮತ್ತು ವ್ಯಾಸೆಕ್ಟಮಿಯನ್ನು, ಅಂದರೆ ವೀರ್ಯನಾಳ ಕತ್ತರಿಸುವ ಆಪರೇಷನ್ನನ್ನು, ಒಂದೇ ಅರಿವಳಿಕೆಯಲ್ಲಿ ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ "ಹೇಗೂ ಅಲ್ಲೇ ಕೊಯ್ತೀರಲ್ಲ" ಅನ್ನುವ ಆ ಸಣ್ಣ ಮಾತಿನಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಕೊಯ್ಯುವ ಜಾಗ ಒಂದೇ ಅನ್ನುವುದು ಮೊದಲನೆಯದು. ವ್ಯಾಸೆಕ್ಟಮಿ ಹರ್ನಿಯಾದ ಬಾಲಕ್ಕೆ ಕಟ್ಟಿಕೊಂಡು ಬರುವ ಸಣ್ಣ ಕೆಲಸ ಅನ್ನುವುದು ಎರಡನೆಯದು. ಈ ಎರಡನೆಯದರ ಬಗ್ಗೆ ನನಗೆ ಹೆಚ್ಚು ಚಿಂತೆ.

ಮೊದಲು ಜಾಗದ ವಿಷಯ ನೋಡೋಣ. ಹೊಟ್ಟೆಯ ಗೋಡೆಯ ಕೆಳತುದಿಯಲ್ಲಿ, ತೊಡೆಸಂದಿಗೆ ತುಸು ಮೇಲೆ, ಎಡಕ್ಕೊಂದು ಬಲಕ್ಕೊಂದು ಓರೆಯಾದ ದಾರಿಯಿದೆ. ಉದ್ದ ಸುಮಾರು 4 ಸೆಂ.ಮೀ. ಗಂಡುಮಗು ಇನ್ನೂ ಹೊಟ್ಟೆಯಲ್ಲಿರುವಾಗ ಅದರ ವೃಷಣಗಳು ಬೆನ್ನಿನ ಕಡೆಯಿಂದ ಇಳಿದು, ಈ ದಾರಿ ಹಿಡಿದು ವೃಷಣ ಚೀಲಕ್ಕೆ ಬರುತ್ತವೆ. ಬರುವಾಗ ತಮ್ಮ ರಕ್ತನಾಳ, ನರ, ವೀರ್ಯನಾಳ ಎಲ್ಲವನ್ನೂ ಎಳೆದುಕೊಂಡೇ ಬರುತ್ತವೆ. ಈ ಕಟ್ಟಿಗೆ ನಾವು ಕಾರ್ಡ್ ಅನ್ನುತ್ತೇವೆ. ಇಷ್ಟೆಲ್ಲ ಹಾದುಹೋದ ದಾರಿ ಅಲ್ಲಿ ಗೋಡೆಯನ್ನು ಜನ್ಮವಿಡೀ ದುರ್ಬಲವಾಗಿಯೇ ಇಡುತ್ತದೆ. ಹೊಟ್ಟೆಯೊಳಗಿನ ಕೊಬ್ಬೋ ಕರುಳೋ ಅಲ್ಲಿಂದ ಹೊರಗೆ ಉಬ್ಬಿದರೆ ಅದೇ ತೊಡೆಸಂದಿನ ಹರ್ನಿಯಾ. ಗಂಡಸರಲ್ಲಿ ಕಡಿಮೆಯೆಂದರೂ ನಾಲ್ವರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಘಟ್ಟದಲ್ಲಿ ಇದು ಬರುತ್ತದೆ. ಹೆಂಗಸರಲ್ಲಿ ಪ್ರಮಾಣ ಬಹಳ ಕಡಿಮೆ, ಏಕೆಂದರೆ ಅವರಲ್ಲಿ ಈ ದಾರಿಯಲ್ಲಿ ಇಷ್ಟು ದೊಡ್ಡ ಕಟ್ಟು ಹಾದುಹೋಗುವುದಿಲ್ಲ.

ಹರ್ನಿಯಾ ಆಪರೇಷನ್‌ನಲ್ಲಿ ನಡೆಯುವುದಿಷ್ಟು. ತೊಡೆಸಂದಿನ ಮೇಲೆ ಓರೆಯಾಗಿ ಕೊಯ್ದು, ಪದರ ಬಿಡಿಸಿ, ಕಾರ್ಡನ್ನು ಒಂದು ಮೆತ್ತನೆಯ ಪಟ್ಟಿಯಲ್ಲಿ ಎತ್ತಿ ಹಿಡಿಯುತ್ತೇವೆ. ಅದರೊಳಗೆ ಸೇರಿಕೊಂಡ ಹರ್ನಿಯಾ ಚೀಲವನ್ನು ಬೇರ್ಪಡಿಸಿ ಒಳಗೆ ತಳ್ಳುತ್ತೇವೆ. ಆಮೇಲೆ ಕಾರ್ಡಿನ ಹಿಂದೆ, ದುರ್ಬಲವಾದ ಗೋಡೆಯ ಮೇಲೆ ಮೆಶ್, ಅಂದರೆ ಬಲೆಯಂಥ ತೆಳು ಜಾಲರಿ, ಹಾಸಿ ಹೊಲಿಯುತ್ತೇವೆ. ಮೆಶ್‌ನ ಒಂದು ತುದಿಯನ್ನು ಸೀಳಿ, ಆ ಸೀಳಿನೊಳಗಿಂದ ಕಾರ್ಡ್ ಹೊರಬರುವಂತೆ ಮಾಡುತ್ತೇವೆ. ಸೀಳು ಬಿಗಿಯಾದರೆ ಕಾರ್ಡ್ ಹಿಸುಕುತ್ತದೆ, ಸಡಿಲವಾದರೆ ಹರ್ನಿಯಾ ಮರಳುತ್ತದೆ. 1880ರ ದಶಕದಲ್ಲಿ ಇಟಲಿಯ ಬಸ್ಸೀನಿ ಈ ಗೋಡೆಯನ್ನು ದಾರದಿಂದ ಎಳೆದು ಹೊಲಿಯುವ ಪದ್ಧತಿ ತಂದರು. ಎಳೆದು ಹೊಲಿದದ್ದು ನೋಯುತ್ತಿತ್ತು, ಎಷ್ಟೋ ಸಲ ಬಿಟ್ಟೂ ಹೋಗುತ್ತಿತ್ತು. ಎಳೆಯದೆ ಮೆಶ್ ಹಾಸುವ ಪದ್ಧತಿಯನ್ನು ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತು ಅವರ ಸಂಗಡಿಗರು 1989ರಲ್ಲಿ ಪ್ರಕಟಿಸಿದ ಮೇಲೆ ತೆರೆದ ಹರ್ನಿಯಾ ಆಪರೇಷನ್ ಹೆಚ್ಚಾಗಿ ಆ ದಾರಿಯಲ್ಲೇ ಸಾಗಿದೆ. ದುರ್ಬೀನು ಹಾಕಿ ಒಳಗಿನಿಂದ ಮೆಶ್ ಇಡುವ ಲ್ಯಾಪರೊಸ್ಕೋಪಿ ವಿಧಾನ 1990ರ ದಶಕದಿಂದ ಬಳಕೆಯಲ್ಲಿದೆ.

ಹಾಗಾದರೆ ಕಾರ್ಡ್ ಕೈಯಲ್ಲೇ ಇದೆ. ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಉಜ್ಜಿದರೆ ಮೆದುವಾದ ರಕ್ತನಾಳಗಳ ನಡುವೆ ಗಟ್ಟಿ ಹುರಿಯೊಂದು ಜಾರುತ್ತದೆ. ಅದೇ ವೀರ್ಯನಾಳ. ದಪ್ಪ ಸುಮಾರು 3 ಮಿ.ಮೀ., ಒಳಗಿನ ರಂಧ್ರ ಒಂದು ಮಿ.ಮೀ.ಗೂ ಕಡಿಮೆ. ಹರ್ನಿಯಾ ಮಾಡುವವರು ಅದಕ್ಕೆ ಪೆಟ್ಟಾಗದಂತೆ ಕಾಪಾಡಿಕೊಂಡು ಕೆಲಸ ಮಾಡಬೇಕೆನ್ನುವುದು ಮೊದಲ ಪಾಠ. ಇನ್ನು ಮಕ್ಕಳು ಬೇಡವೆಂದವರಿಗೆ ಅದನ್ನು ಅಲ್ಲೇ ಕತ್ತರಿಸಿಬಿಡಬಹುದಲ್ಲ? ತಾಂತ್ರಿಕವಾಗಿ ಕತ್ತರಿಸಬಹುದು. ಆದರೆ ನಾನು ಅದನ್ನು ಒಪ್ಪುವುದಿಲ್ಲ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಹೆಚ್ಚಿನವರಿಗೆ ಹರ್ನಿಯಾ ಇರುವುದು ಒಂದೇ ಬದಿಗೆ. ವೀರ್ಯನಾಳಗಳಾದರೋ ಎರಡು. ಒಂದನ್ನು ತೊಡೆಸಂದಿನಲ್ಲಿ ಕತ್ತರಿಸಿದರೂ ಇನ್ನೊಂದಕ್ಕೆ ವೃಷಣ ಚೀಲದ ದಾರಿಯನ್ನೇ ಹಿಡಿಯಬೇಕು. ಚೀಲ ತೆರೆಯುವುದು ಹೇಗೂ ತಪ್ಪದು ಎಂದಮೇಲೆ ಎರಡನ್ನೂ ಅಲ್ಲಿಂದಲೇ ಮಾಡುವುದು ಸರಳ. ಇನ್ನು ಮುಂದೆಂದಾದರೂ ಮನಸ್ಸು ಬದಲಾಗಿ ನಾಳವನ್ನು ಮರಳಿ ಜೋಡಿಸಬೇಕಾಗಿ ಬಂದರೆ ಚೀಲದೊಳಗೆ ಕತ್ತರಿಸಿದ್ದನ್ನು ಸೂಕ್ಷ್ಮದರ್ಶಕದಡಿ ಹುಡುಕಿ ಹೊಲಿಯಬಹುದು. ತೊಡೆಸಂದಿನಲ್ಲಿ ಕತ್ತರಿಸಿದ ನಾಳದ ಮೇಲಿನ ತುದಿ ಒಳಕ್ಕೆ ಸರಿದುಕೊಳ್ಳುತ್ತದೆ, ಅದರ ಸುತ್ತ ಮೆಶ್ ಮತ್ತು ಗಾಯದ ಗಡುಸು ಅಂಗಾಂಶ ಬೆಳೆದಿರುತ್ತದೆ. ಅದನ್ನು ಜೋಡಿಸುವುದು ಬಹಳ ಕಷ್ಟದ ಕೆಲಸ. ವ್ಯಾಸೆಕ್ಟಮಿಯನ್ನು ಶಾಶ್ವತವೆಂದೇ ಭಾವಿಸಿ ಮಾಡಿಸಿಕೊಳ್ಳಬೇಕು, ನಿಜ. ಹಾಗೆಂದು ಮುಚ್ಚದಿರಬಹುದಾದ ಬಾಗಿಲನ್ನು ನಾವೇ ಬೀಗ ಜಡಿದು ಮುಚ್ಚಬೇಕಾಗಿಲ್ಲ. ಲ್ಯಾಪರೊಸ್ಕೋಪಿಯಲ್ಲೂ ವೀರ್ಯನಾಳ ಪರದೆಯ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ, ಕತ್ತರಿಸುವ ಆಸೆಯೂ ಹುಟ್ಟಬಹುದು. ಅಲ್ಲಿ ಕತ್ತರಿಸಿದರೆ ಮರಳಿ ಜೋಡಿಸುವ ಮಾತು ಇನ್ನೂ ದೂರ.

ಚೀಲದ ಕಡೆಯಿಂದ ಮಾಡುವ ವಿಧಾನವೂ ಈಗ ತುಂಬ ಹಗುರಾಗಿದೆ. 1974ರಲ್ಲಿ ಚೀನಾದ ಲಿ ಶುನ್‌ಚಿಯಾಂಗ್ ರೂಪಿಸಿದ, ಚಾಕು ಬಳಸದ ವ್ಯಾಸೆಕ್ಟಮಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೂರು ಬೆರಳಲ್ಲಿ ನಾಳವನ್ನು ಚರ್ಮದಡಿಗೆ ತಂದು ಹಿಡಿದು, ಉಂಗುರದಂಥ ತುದಿಯ ಚಿಮುಟದಲ್ಲಿ ಸಿಕ್ಕಿಸಿ, ಮೊನಚು ಉಪಕರಣದಿಂದ ಚರ್ಮದಲ್ಲಿ ತೂತು ಮಾಡುತ್ತಾರೆ. ಆ ತೂತಿನಿಂದ ನಾಳದ ಬಿಳಿ ಕುಣಿಕೆ ಹೊರಗೆ ಎದ್ದು ಬರುತ್ತದೆ. ಕತ್ತರಿಸಿ, ಒಳಪದರವನ್ನು ಸುಟ್ಟು, ಎರಡು ತುದಿಗಳ ನಡುವೆ ತೆಳು ಪೊರೆಯನ್ನು ಅಡ್ಡ ತಂದು ಬಿಟ್ಟರೆ ಮುಗಿಯಿತು. ಎಷ್ಟೋ ಸಲ ಹೊಲಿಗೆಯೂ ಬೇಡ. ಎರಡೂ ಬದಿ ಸೇರಿ ಹೆಚ್ಚೆಂದರೆ ಅರ್ಧ ಗಂಟೆ.

ಈಗ ರಕ್ತಪೂರೈಕೆಯ ಮಾತು. ಎರಡನ್ನೂ ಒಟ್ಟಿಗೆ ಮಾಡುವಾಗ ಶಸ್ತ್ರವೈದ್ಯರ ತಲೆಯಲ್ಲಿ ಸದಾ ಇರಬೇಕಾದ ಸಂಗತಿ ಇದು, ಆದರೆ ರೋಗಿಗೆ ಇದನ್ನು ಹೇಳುವವರು ಕಡಿಮೆ. ವೃಷಣಕ್ಕೆ ರಕ್ತ ಮೂರು ಕಡೆಯಿಂದ ಬರುತ್ತದೆ. ಮುಖ್ಯ ಅಪಧಮನಿ ಒಂದು, ವೀರ್ಯನಾಳಕ್ಕೆ ಅಂಟಿಕೊಂಡು ಬರುವ ಸಣ್ಣದು ಒಂದು, ಕಾರ್ಡಿನ ಹೊರಗಿನ ಸ್ನಾಯುವಿನ ಜೊತೆ ಬರುವುದು ಇನ್ನೊಂದು. ಒಂದಕ್ಕೆ ಪೆಟ್ಟಾದರೆ ಉಳಿದೆರಡು ಸಾಮಾನ್ಯವಾಗಿ ನಿಭಾಯಿಸುತ್ತವೆ. ಹರ್ನಿಯಾ ಆಪರೇಷನ್‌ನಲ್ಲಿ ಸ್ನಾಯುವಿನ ಜೊತೆಗಿನ ಅಪಧಮನಿ ಹಲವು ಸಲ ಕಡಿದುಹೋಗುತ್ತದೆ. ದೊಡ್ಡ ಹರ್ನಿಯಾ ಚೀಲವನ್ನು ಕಾರ್ಡಿನಿಂದ ಸುಲಿದು ತೆಗೆಯುವಾಗ ರಕ್ತವನ್ನು ಹಿಂದಕ್ಕೆ ಒಯ್ಯುವ ನವಿರಾದ ಅಭಿಧಮನಿಗಳ ಬಲೆಗೆ ಏಟು ಬೀಳಬಹುದು. ವ್ಯಾಸೆಕ್ಟಮಿಯಲ್ಲಿ ವೀರ್ಯನಾಳಕ್ಕೆ ಅಂಟಿದ ಸಣ್ಣ ಅಪಧಮನಿ ಕಡಿಯಬಹುದು. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ದೊಡ್ಡದಲ್ಲ. ಒಂದೇ ದಿನ, ಒಂದೇ ಬದಿಯಲ್ಲಿ, ಕಾರ್ಡಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಬಹಳ ಬಿಡಿಸಾಡಿದರೆ ಆಗ ವೃಷಣ ಊದಿ, ನೋಯ್ದು, ತಿಂಗಳುಗಳಲ್ಲಿ ಕುಗ್ಗುವ ಅಪಾಯ ಇದ್ದೇ ಇದೆ. ಅಪರೂಪ, ಆದರೆ ಆದವರಿಗೆ ಹಿಂದಿರುಗುವ ದಾರಿಯಿಲ್ಲ. ಹಾಗಾಗಿ ಒಟ್ಟಿಗೆ ಮಾಡುವವರು ಎರಡೂ ಕಡೆ ಕೈ ಹಗುರವಾಗಿ ಇಡಬೇಕು. ಹರ್ನಿಯಾ ಚೀಲ ವೃಷಣದವರೆಗೂ ಇಳಿದಿದ್ದರೆ ಅದರ ಕೆಳತುದಿಯನ್ನು ಹಟ ಹಿಡಿದು ಸುಲಿಯದೆ ಅಲ್ಲೇ ಬಿಡಬೇಕು. ವ್ಯಾಸೆಕ್ಟಮಿಯಲ್ಲಿ ನಾಳವನ್ನು ಅದರ ಸುತ್ತಲಿನ ರಕ್ತನಾಳಗಳಿಂದ ನಾಜೂಕಾಗಿ ಬಿಡಿಸಿ, ಬೇಕಾದಷ್ಟು ಉದ್ದವನ್ನಷ್ಟೇ ಹೊರತೆಗೆಯಬೇಕು. ಹರ್ನಿಯಾ ಹಳೆಯದಾಗಿ ವೃಷಣ ಚೀಲದೊಳಗೆ ದೊಡ್ಡದಾಗಿ ಇಳಿದವರಿಗೆ ನಾನು ಅಂದೇ ಎರಡೂ ಬೇಡ ಎನ್ನುತ್ತೇನೆ. ಅಲ್ಲಿ ಬಾವು ಹೆಚ್ಚು, ನಾಳ ಸುಲಭವಾಗಿ ಕೈಗೆ ಸಿಗುವುದೂ ಇಲ್ಲ. ಕೆಲವು ತಿಂಗಳು ಬಿಟ್ಟು ಬಂದರೆ ವ್ಯಾಸೆಕ್ಟಮಿ ತಾನಾಗಿಯೇ ಸುಲಭ.

ಮೆಶ್‌ಗೆ ಸೋಂಕು ತಗಲುವ ಭಯವೂ ಉಂಟು. ಮೆಶ್ ದೇಹಕ್ಕೆ ಹೊರಗಿನ ವಸ್ತು, ಸೋಂಕಾದರೆ ತೆಗೆಯಬೇಕಾಗಿ ಬರಬಹುದು. ಚೀಲದ ಚರ್ಮವೋ ಮಡಿಕೆ ಮಡಿಕೆಯಾಗಿ, ಎಷ್ಟು ತೊಳೆದರೂ ತೊಡೆಸಂದಿನ ಚರ್ಮದಷ್ಟು ಶುದ್ಧವಾಗುವುದಿಲ್ಲ. ಮೊದಲು ಹರ್ನಿಯಾ ಮುಗಿಸಿ, ಗಾಯ ಮುಚ್ಚಿ ಪಟ್ಟಿ ಹಾಕಿ, ಆಮೇಲೆ ಬೇರೆ ಗ್ಲೌಸ್, ಬೇರೆ ಉಪಕರಣ ತೆಗೆದುಕೊಂಡು ಚೀಲಕ್ಕೆ ಹೋಗುವ ಕ್ರಮ ನನಗೆ ಸರಿಯೆನಿಸುತ್ತದೆ.

ಒಟ್ಟಿಗೆ ಮಾಡಿಸಿದರೆ ನಿಜಕ್ಕೂ ಉಳಿಯುವುದೇನು? ಒಂದು ಅರಿವಳಿಕೆ ಉಳಿಯಿತು ಎಂದು ಬಹಳ ಜನ ಲೆಕ್ಕ ಹಾಕುತ್ತಾರೆ. ಆದರೆ ವ್ಯಾಸೆಕ್ಟಮಿ ಒಂದಕ್ಕೇ ದೊಡ್ಡ ಅರಿವಳಿಕೆ ಬೇಕಾಗಿಯೇ ಇಲ್ಲ. ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಸಾಕು, ಮಾತಾಡುತ್ತಲೇ ಮುಗಿಯುತ್ತದೆ, ನಡೆದುಕೊಂಡೇ ಮನೆಗೆ ಹೋಗಬಹುದು. ನಿಜವಾಗಿ ಉಳಿಯುವುದು ಸುಧಾರಿಸಿಕೊಳ್ಳುವ ದಿನಗಳು. ವ್ಯಾಸೆಕ್ಟಮಿಯ ನಂತರ ಒಂದೆರಡು ದಿನ ವಿಶ್ರಾಂತಿ ಬೇಕು, ಸುಮಾರು ಒಂದು ವಾರ ಭಾರ ಎತ್ತಬಾರದು. ಹರ್ನಿಯಾ ನಂತರ ಹಗುರ ಕೆಲಸಕ್ಕೆ ಒಂದೆರಡು ವಾರ, ಭಾರದ ಕೆಲಸಕ್ಕೆ ಇನ್ನೂ ಕೆಲವು ವಾರ ಕಾಯಬೇಕು. ಮೊದಲನೆಯದು ಎರಡನೆಯದರ ಒಳಗೇ ಕರಗಿಹೋಗುತ್ತದೆ. ಮೈ ಮುರಿದು ದುಡಿಯುವವರಿಗೆ ಈ ಒಂದು ವಾರದ ಉಳಿತಾಯವೂ ಸಣ್ಣದಲ್ಲ. ಇನ್ನು ಕೆಲವರಿಗೆ ಎಚ್ಚರವಿರುವಾಗ ಆ ಜಾಗಕ್ಕೆ ಸೂಜಿ ಚುಚ್ಚಿಸಿಕೊಳ್ಳುವ ಯೋಚನೆಯೇ ಸಹಿಸದು. ಅವರು ಈ ಕಾರಣಕ್ಕೇ ವರ್ಷಗಟ್ಟಲೆ ಮುಂದೂಡುತ್ತ, ಗರ್ಭನಿರೋಧದ ಭಾರವನ್ನೆಲ್ಲ ಹೆಂಡತಿಯ ಮೇಲೆ ಬಿಟ್ಟಿರುತ್ತಾರೆ. ಅಂಥವರಿಗೆ ಒಟ್ಟಿಗೆ ಮಾಡಿಸುವುದು ನಿಜವಾದ ಅನುಕೂಲ.

ನೋವಿನ ಮಾತು ಹೇಳದೆ ಹೋದರೆ ಅರ್ಧ ಹೇಳಿದಂತಾಗುತ್ತದೆ. ಹರ್ನಿಯಾ ರಿಪೇರಿ ನಂತರ ಹತ್ತರಲ್ಲಿ ಒಬ್ಬರಿಗೆ ತಿಂಗಳುಗಳ ಕಾಲ ಗಮನಕ್ಕೆ ಬರುವಂಥ ನೋವು ಉಳಿಯುತ್ತದೆ. ದಿನದ ಕೆಲಸಕ್ಕೇ ಅಡ್ಡಿಯಾಗುವಷ್ಟು ತೀವ್ರವಾಗುವುದು ಇನ್ನೂ ಕಡಿಮೆ ಜನಕ್ಕೆ. ವ್ಯಾಸೆಕ್ಟಮಿ ನಂತರ ದೀರ್ಘಕಾಲ ಕಾಡುವ ನೋವು ನೂರರಲ್ಲಿ ಒಬ್ಬಿಬ್ಬರಿಗೆ. ಎರಡೂ ಒಂದೇ ದಿನ ಆದವರು ಆರು ತಿಂಗಳ ನಂತರ ವೃಷಣದಲ್ಲಿ ಸೆಳೆತ ಎಂದು ಬಂದರೆ ಅದು ಮೆಶ್ ಹತ್ತಿರದ ನರದ್ದೋ, ಕತ್ತರಿಸಿದ ನಾಳದ ತುದಿಯಲ್ಲಿ ಕಟ್ಟಿದ ಗಂಟಿನದ್ದೋ ಎಂದು ಬಿಡಿಸುವುದು ನಮಗೇ ಕಷ್ಟ, ಏಕೆಂದರೆ ತೊಡೆಸಂದಿನ ನರಗಳ ಕವಲುಗಳೇ ಚೀಲದ ಚರ್ಮಕ್ಕೂ ಹೋಗುತ್ತವೆ. ಆಪರೇಷನ್‌ಗೆ ಮೊದಲೇ ಆ ಭಾಗದಲ್ಲಿ ತುಂಬ ನೋವಿರುವವರಿಗೆ ಎರಡನ್ನು ಬೇರೆ ಬೇರೆ ಮಾಡಿಸಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಶುರುವಿನಲ್ಲಿ ಹೇಳಿದ ಎರಡನೆಯ ತಪ್ಪು ಕಲ್ಪನೆ. ಹರ್ನಿಯಾ ಒಂದು ತೊಂದರೆ, ಅದಕ್ಕೆ ಆಪರೇಷನ್ ಚಿಕಿತ್ಸೆ. ವ್ಯಾಸೆಕ್ಟಮಿ ಯಾವ ಕಾಯಿಲೆಗೂ ಚಿಕಿತ್ಸೆಯಲ್ಲ. ಅದು ಆರೋಗ್ಯವಂತ ಗಂಡಸು ತನ್ನ ಬದುಕಿನ ಬಗ್ಗೆ ಮಾಡುವ ತೀರ್ಮಾನ. ಹರ್ನಿಯಾದ ಗಡಿಬಿಡಿಯಲ್ಲಿ, ಬಟ್ಟೆ ಬದಲಾಯಿಸಿ ಸ್ಟ್ರೆಚರ್ ಮೇಲೆ ಮಲಗಿರುವಾಗ, ಅದೂ ಆಗಿಹೋಗಲಿ ಎಂದು ಮಾಡುವ ತೀರ್ಮಾನ ಅದಾಗಬಾರದು. ಹರ್ನಿಯಾ ಇಲ್ಲದಿದ್ದರೂ ಈ ವರ್ಷ ನಾನು ವ್ಯಾಸೆಕ್ಟಮಿ ಮಾಡಿಸಿಕೊಳ್ಳುತ್ತಿದ್ದೆನೇ? ಹೌದು ಎಂದು ಒಳಗಿನಿಂದ ಉತ್ತರ ಬಂದರೆ ಮಾತ್ರ ಒಟ್ಟಿಗೆ ಮಾಡಿಸಿಕೊಳ್ಳಿ. ಅದರ ಸಲಹೆ ಬೇರೆ ದಿನ ನಡೆಯಬೇಕು, ಯೋಚಿಸಲು ಸಮಯ ಸಿಗಬೇಕು, ಹೆಂಡತಿಯ ಜೊತೆ ಕೂತು ಮಾತಾಡಿರಬೇಕು, ಒಪ್ಪಿಗೆ ಪತ್ರ ಪ್ರತ್ಯೇಕವಾಗಿರಬೇಕು. ಕರುಳು ಸಿಕ್ಕಿಕೊಂಡು ತುರ್ತಾಗಿ ಮಾಡುವ ಹರ್ನಿಯಾ ಆಪರೇಷನ್ ಜೊತೆಗೆ ವ್ಯಾಸೆಕ್ಟಮಿಯ ಮಾತೇ ಎತ್ತಬಾರದು. ಆಗ ಕರುಳನ್ನೂ ಜೀವವನ್ನೂ ಉಳಿಸುವುದೊಂದೇ ಕೆಲಸ.

ತೊಂದರೆ ಕೊಡದ ಸಣ್ಣ ಹರ್ನಿಯಾವನ್ನು ವೈದ್ಯರ ನಿಗಾದಲ್ಲಿ ಹಾಗೇ ಬಿಟ್ಟುಕೊಂಡಿರಬಹುದು. ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹಾಗೆ ಕಾದು ನೋಡಿದ ಗಂಡಸರಲ್ಲಿ ಹರ್ನಿಯಾ ಹಠಾತ್ತನೆ ಸಿಕ್ಕಿಕೊಂಡದ್ದು ತೀರ ವಿರಳವಾಗಿತ್ತು. ಆದರೂ ಅವರನ್ನೇ ವರ್ಷಗಟ್ಟಲೆ ಗಮನಿಸಿದಾಗ ಬಹುಪಾಲು ಮಂದಿ ನೋವು ಹೆಚ್ಚಾಗಿ ಕೊನೆಗೆ ಆಪರೇಷನ್‌ಗೆ ಬಂದರು. ಎಂದರೆ ದಿನವನ್ನು ನಿಮಗೆ ಒಗ್ಗುವಂತೆ ಆರಿಸಿಕೊಳ್ಳಲು ಸಾಮಾನ್ಯವಾಗಿ ಸಮಯ ಸಿಗುತ್ತದೆ. ವ್ಯಾಸೆಕ್ಟಮಿ ಬಗ್ಗೆ ಮನಸ್ಸು ಗಟ್ಟಿಯಾಗಿರದಿದ್ದರೆ ಹರ್ನಿಯಾವನ್ನಷ್ಟೇ ಮಾಡಿಸಿಕೊಂಡು ಹೋಗಿ.

ಒಟ್ಟಿಗೆ ಮಾಡಿದಾಗ ಅತಿ ಹೆಚ್ಚು ಮರೆತುಹೋಗುವುದು ವೀರ್ಯ ಪರೀಕ್ಷೆ. ವ್ಯಾಸೆಕ್ಟಮಿ ಆದ ದಿನದಿಂದಲೇ ರಕ್ಷಣೆ ಸಿಗುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದಕ್ಕೆ ನಾಳದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ, ಅವು ಖಾಲಿಯಾಗಲು ವಾರಗಳು ಹಿಡಿಯುತ್ತವೆ. 8ರಿಂದ 16 ವಾರಗಳ ನಡುವೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದೋ, ಚಲನೆಯಿಲ್ಲದವು ಅತಿ ವಿರಳವಾಗಿ ಮಾತ್ರ ಇವೆಯೆಂದೋ ವರದಿ ಬಂದ ಮೇಲೆ, ಇನ್ನು ಬೇರೆ ಗರ್ಭನಿರೋಧಕ ಬೇಡವೆಂದು ವೈದ್ಯರು ಹೇಳಬೇಕು. ಅಲ್ಲಿಯವರೆಗೆ ಕಾಂಡೋಮ್ ಅಥವಾ ಬೇರೆ ವಿಧಾನ ಬೇಕೇ ಬೇಕು. ಬರೀ ವ್ಯಾಸೆಕ್ಟಮಿಗೆ ಬಂದವರಿಗೆ ಇದನ್ನು ಮತ್ತೆ ಮತ್ತೆ ಹೇಳಿ ಕಳಿಸುತ್ತೇವೆ. ಹರ್ನಿಯಾ ಜೊತೆಗೆ ಮಾಡಿಸಿಕೊಂಡವರ ಡಿಸ್ಚಾರ್ಜ್ ಕಾಗದದಲ್ಲಿ ಮೆಶ್, ಹೊಲಿಗೆ, ಭಾರ ಎತ್ತಬೇಡಿ ಎಂಬುದೆಲ್ಲ ಇರುತ್ತದೆ, ವೀರ್ಯ ಪರೀಕ್ಷೆಯ ಸಾಲು ಮಾತ್ರ ಬಿಟ್ಟುಹೋಗಿರುತ್ತದೆ. ಗಾಯ ಒಣಗಿದ ಮೇಲೆ ಅವರು ಮರಳಿ ಬರುವುದೂ ಇಲ್ಲ. ಆ ಸಾಲು ಕಾಗದದಲ್ಲಿದೆಯೇ ಎಂದು ನೀವೇ ನೋಡಿ. ಇಲ್ಲದಿದ್ದರೆ ಅಲ್ಲೇ ಕೂತು ಬರೆಸಿಕೊಳ್ಳಿ. ಪರೀಕ್ಷೆ ಸರಿಬಂದ ಮೇಲೂ ಗರ್ಭ ನಿಲ್ಲುವ ಸಾಧ್ಯತೆ ಸುಮಾರು 2000ದಲ್ಲಿ ಒಂದು. ಇದನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಸಭಿಕರ ಪ್ರಶ್ನೆಗಳು ಹಲವಿದ್ದವು. ಕೆಲವಷ್ಟೇ ಇಲ್ಲಿವೆ.

ವ್ಯಾಸೆಕ್ಟಮಿ ಮಾಡಿಸಿದರೆ ಶಕ್ತಿ ಕುಂದಿ ಹರ್ನಿಯಾ ಬರುತ್ತದಂತೆ, ನಿಜವೇ?

ಇಲ್ಲ. ವ್ಯಾಸೆಕ್ಟಮಿ ಹೊಟ್ಟೆಯ ಗೋಡೆಯನ್ನು ಮುಟ್ಟುವುದೇ ಇಲ್ಲ. ಗಂಡಸಿನ ಹಾರ್ಮೋನು ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ, ವೀರ್ಯನಾಳದಲ್ಲಿ ಹರಿಯುವುದಿಲ್ಲ. ಬಯಕೆಗಾಗಲಿ ಬಲಕ್ಕಾಗಲಿ ಕುಂದಿಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ಬಹಳ ಕಡಿಮೆಯಾದ್ದರಿಂದ ಅದರ ಪ್ರಮಾಣದಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸವಾಗುವುದಿಲ್ಲ.

ಹರ್ನಿಯಾ ಮಾಡುವ ಡಾಕ್ಟರೇ ವ್ಯಾಸೆಕ್ಟಮಿಯನ್ನೂ ಮಾಡಬಹುದೇ?

ಅದರಲ್ಲಿ ಕೈ ಪಳಗಿದವರಾದರೆ ಮಾಡಬಹುದು. ಕೆಲವು ಕಡೆ ಹರ್ನಿಯಾವನ್ನು ಸರ್ಜನ್ ಮುಗಿಸಿ, ವ್ಯಾಸೆಕ್ಟಮಿಗೆ ಯೂರಾಲಜಿಸ್ಟ್, ಅಂದರೆ ಮೂತ್ರಾಂಗಗಳ ತಜ್ಞರು, ಬರುತ್ತಾರೆ. ನೀವು ಎಷ್ಟು ವ್ಯಾಸೆಕ್ಟಮಿ ಮಾಡಿದ್ದೀರಿ, ನಂತರದ ಪರೀಕ್ಷೆಯನ್ನು ಯಾರು ನೋಡುತ್ತಾರೆ ಎಂದು ಕೇಳಿ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಹತ್ತು ವರ್ಷದ ಹಿಂದೆ ವ್ಯಾಸೆಕ್ಟಮಿ ಆಗಿದೆ, ಈಗ ಹರ್ನಿಯಾ ಬಂದಿದೆ. ಏನಾದರೂ ತೊಂದರೆಯೇ?

ಹರ್ನಿಯಾವನ್ನು ಧಾರಾಳವಾಗಿ ಮಾಡಿಸಿಕೊಳ್ಳಬಹುದು. ಆದರೆ ವ್ಯಾಸೆಕ್ಟಮಿ ಆಗಿರುವುದನ್ನು ಸರ್ಜನ್‌ಗೆ ತಪ್ಪದೆ ಹೇಳಿ. ನಾಳದ ಜೊತೆಗಿನ ಸಣ್ಣ ಅಪಧಮನಿ ಆಗಲೇ ಹೋಗಿರಬಹುದು ಎಂದು ಗೊತ್ತಿದ್ದರೆ ಮುಖ್ಯ ಅಪಧಮನಿಯನ್ನು ಇನ್ನಷ್ಟು ಜೋಪಾನ ಮಾಡುತ್ತಾರೆ. ಮುಂದೆ ನಾಳ ಜೋಡಿಸಿಕೊಳ್ಳುವ ಆಸೆಯಿದ್ದರೆ ಅದನ್ನೂ ಮೊದಲೇ ತಿಳಿಸಿ. ಮೆಶ್ ಎಲ್ಲಿಡಬೇಕು, ತೆರೆದ ವಿಧಾನವೋ ಲ್ಯಾಪರೊಸ್ಕೋಪಿಯೋ ಎಂದು ತೀರ್ಮಾನಿಸುವಾಗ ಅವರು ಆ ಮಾತನ್ನು ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ.